ಧ್ರುವಪ್ರಭೆಯ ನಾಡಿನಲ್ಲಿ ಎರಡು ರಾತ್ರಿ

ಆಕಾಶವು ಎಲ್ಲರ ಮನೆಯ ಮೇಲೂ ಒಂದೇ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಗದುಗಿನಲ್ಲಿ ಕಾಣುವ ಚಂದ್ರನೇ ಬೀದರಿನಲ್ಲಿಯೂ ಕಾಣುತ್ತಾನೆ, ಲಂಡನ್ನಿನಲ್ಲಿಯೂ ಕಾಣುತ್ತಾನೆ. ಆದರೆ ಭೂಮಿಯ ಎರಡು ತುದಿಗಳಿಗೆ ಸಮೀಪದಲ್ಲಿ ವಾಸಿಸುವ ಜನರಿಗೆ ಮಾತ್ರ ಪದೇ ಪದೇ ಕಾಣಸಿಗುವ ಬೆಳಕೊಂದು ಈ ಆಕಾಶದಲ್ಲಿದೆ. ಅದಕ್ಕೆ ಧ್ರುವಪ್ರಭೆ ಎಂದು ಹೆಸರು. ಇಂಗ್ಲಿಷಿನವರು ಅರೋರಾ ಎನ್ನುತ್ತಾರೆ. ದೀಪವಿಲ್ಲ, ಬೆಂಕಿಯಿಲ್ಲ, ಶಬ್ದವಿಲ್ಲ. ನಡುರಾತ್ರಿಯಲ್ಲಿ ಹಸಿರು ಪರದೆಯೊಂದು ದಿಗಂತದಿಂದ ದಿಗಂತಕ್ಕೆ ಹರಡಿ, ಗಾಳಿಗೆ ಸಿಕ್ಕ ಸೆರಗಿನಂತೆ ಅಲೆದಾಡಿ ಮರೆಯಾಗುತ್ತದೆ. ಅದನ್ನು ಕಾಣುವ ಭಾಗ್ಯ 2024ರ ಡಿಸೆಂಬರಿನಲ್ಲಿ ನಾರ್ವೆ ದೇಶದ ಟ್ರೋಮ್ಸೊ ಎಂಬ ಊರಿನಲ್ಲಿ ನಮ್ಮ ಕುಟುಂಬಕ್ಕೆ ಒದಗಿತು. ಇಂಥ ಪ್ರವಾಸದ ವಿಚಾರ ನಮ್ಮ ಮನೆಗಳಲ್ಲಿಯೂ ಈಗ ಕೇಳಿಬರುತ್ತಿರುವುದರಿಂದ, ನಾವು ಕಂಡುದನ್ನೂ ತಿಳಿದುದನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಹೊರಟ ಕಾರಣ

ನಮ್ಮ ತಾಯಿಯವರಿಗೆ ಆಗ 76 ವರುಷ. ಗ್ಲಾಕೋಮಾ ಎಂಬ ವ್ಯಾಧಿಯಿಂದ ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ಸಂಕುಚಿತವಾಗುತ್ತ ಬಂದಿತ್ತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದುದನ್ನು ಔಷಧದಿಂದ ಕಾಪಾಡಿಕೊಳ್ಳಬೇಕು ಎಂದು ವೈದ್ಯರು ತಿಳಿಸಿದ್ದರು. ಓಸ್ಲೋ ನಗರದಲ್ಲಿ ನೌಕರಿಯಲ್ಲಿರುವ ನಮ್ಮ ಮಗ ಈ ಸಂಗತಿಯನ್ನು ಕೇಳಿದ ದಿನವೇ, "ಅಮ್ಮನಿಗೆ ಆ ಬೆಳಕು ತೋರಿಸಬೇಕು, ತಡ ಮಾಡಬಾರದು" ಎಂದು ಹಟ ಹಿಡಿದನು. ವೆಚ್ಚ ದೊಡ್ಡದು, ಚಳಿ ಕಠಿಣ, ಬೆಳಕು ಕಂಡೇ ಕಾಣುತ್ತದೆಂಬ ಭರವಸೆಯಿಲ್ಲ. ನಾವು ಗಂಡಹೆಂಡತಿ ಹಿಂದುಮುಂದು ನೋಡಿದೆವು. ತಾಯಿಯವರು ಮಾತ್ರ, "ಕಂಡರ ಕಂಡೀತು, ಇಲ್ಲಾಂದ್ರ ಮೊಮ್ಮಗನ ಮನಿ ನೋಡಿಧಂಗ ಆತು" ಎಂದು ತೀರ್ಪು ಕೊಟ್ಟರು.

ನೇಸರು ಮೂಡದ ಊರು

ಟ್ರೋಮ್ಸೊ ಉತ್ತರ ಧ್ರುವವೃತ್ತದಿಂದಲೂ ಸುಮಾರು 350 ಕಿಲೋಮೀಟರು ಉತ್ತರಕ್ಕಿದೆ. ಓಸ್ಲೋದಿಂದ ವಿಮಾನದಲ್ಲಿ ಎರಡು ಗಂಟೆಯೊಳಗಿನ ಹಾದಿ. ಊರಿನ ಹೃದಯಭಾಗವಿರುವುದು ಒಂದು ದ್ವೀಪದ ಮೇಲೆ. 1960ರಲ್ಲಿ ತೆರೆದ ಕಿಲೋಮೀಟರಿಗೂ ಮಿಗಿಲಾದ ಸೇತುವೆಯೂ, 1994ರಲ್ಲಿ ಕಡಲಿನ ತಳದಡಿ ಕೊರೆದ ಸುರಂಗವೂ ಅದನ್ನು ಭೂಭಾಗಕ್ಕೆ ಜೋಡಿಸಿವೆ. ಸೇತುವೆಯಾಚೆ, ಹಿಮದ ಬಂಡೆಗಳನ್ನು ಓರೆಯಾಗಿ ಜೋಡಿಸಿದಂತೆ ತೋರುವ ಬಿಳಿಯ ಇಗರ್ಜಿಯೊಂದು 1965ರಿಂದ ನಿಂತಿದೆ. ಅಟ್ಲಾಂಟಿಕ್ ಮಹಾಸಾಗರದ ಬೆಚ್ಚಗಿನ ಪ್ರವಾಹವು ಈ ತೀರದವರೆಗೂ ಬರುವುದರಿಂದ ಬಂದರಿನ ನೀರು ಹೆಪ್ಪುಗಟ್ಟುವುದಿಲ್ಲ. ಚಳಿಗಾಲದಲ್ಲಿಯೂ ಊರಿನಲ್ಲಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿನ ಚಳಿಯೇ ಸಾಮಾನ್ಯ. ಇಷ್ಟು ಉತ್ತರದಲ್ಲಿ ಇದನ್ನು ಸೌಮ್ಯವೆಂದೇ ಹೇಳಬೇಕು.

ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಮೂಡುವುದೇ ಇಲ್ಲ. ಹಾಗೆಂದು ಹಗಲೆಲ್ಲ ಕಗ್ಗತ್ತಲೆಯೆಂದು ಭಾವಿಸಬಾರದು. ನಡುಮಧ್ಯಾಹ್ನದ ಎರಡು ಮೂರು ತಾಸು ಹಿಮದ ಬೆಟ್ಟಗಳ ಮೇಲೆ ನೀಲಿಯೂ ಗುಲಾಬಿಯೂ ಬೆರೆತ ಸಂಜೆಬೆಳಕು ಹರಡಿ ಆರಿಹೋಗುತ್ತದೆ. ಮುಂಜಾನೆ ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಪೂಜೆ ಮುಗಿಸುವ ತಾಯಿಯವರು ಮೊದಲ ದಿನ ಕಿಟಕಿಯ ಬಳಿ ಬಹಳ ಹೊತ್ತು ಕುಳಿತಿದ್ದರು. ಮೊಮ್ಮಗ ವಿಷಯ ತಿಳಿಸಿದ ಮೇಲೆ ನಕ್ಕು, ಗಡಿಯಾರ ನೋಡಿ ಪೂಜೆಗೆ ಎದ್ದರು.

ಈ ಬೆಳಕು ಎಲ್ಲಿಂದ ಬರುತ್ತದೆ?

ಧ್ರುವಪ್ರಭೆಯ ಮೂಲ ಸೂರ್ಯನಲ್ಲಿದೆ. ಸೂರ್ಯನಿಂದ ವಿದ್ಯುತ್ಕಣಗಳ ಪ್ರವಾಹವೊಂದು ಎಡೆಬಿಡದೆ ಹೊರಹೊಮ್ಮುತ್ತದೆ. ಅದಕ್ಕೆ ಸೌರಮಾರುತವೆಂದು ಹೆಸರು. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರಿನಷ್ಟು. ಭೂಮಿಯ ಕಾಂತಕ್ಷೇತ್ರವು ಕವಚದಂತೆ ಅದನ್ನು ತಡೆದು ಪಕ್ಕಕ್ಕೆ ಸರಿಸುತ್ತದೆ. ಆದರೂ ಆ ಪ್ರವಾಹದ ಶಕ್ತಿಯ ಒಂದಂಶ ಕಾಂತಕ್ಷೇತ್ರದ ಬಾಲದಲ್ಲಿ ಸಂಗ್ರಹವಾಗಿ, ಅಲ್ಲಿಂದ ವೇಗ ಪಡೆದ ಎಲೆಕ್ಟ್ರಾನುಗಳು ಧ್ರುವಗಳತ್ತ ಧಾವಿಸಿ ಬರುತ್ತವೆ. ಅವು ಮೇಲಿನ ವಾಯುಮಂಡಲದ ಅಣುಗಳಿಗೆ ತಾಗಿದಾಗ ಅಣುಗಳು ಹೊಳೆಯುತ್ತವೆ. ನೆಲದಿಂದ ಸುಮಾರು 100ರಿಂದ 150 ಕಿಲೋಮೀಟರು ಎತ್ತರದಲ್ಲಿ ಆಮ್ಲಜನಕವು ಹಸಿರು ಬೆಳಕನ್ನೂ, 200 ಕಿಲೋಮೀಟರಿಗಿಂತ ಮೇಲೆ ಅದೇ ಆಮ್ಲಜನಕವು ಕೆಂಪು ಬೆಳಕನ್ನೂ ಬೀರುತ್ತದೆ. ಪರದೆಯ ಕೆಳಗಿನ ಗುಲಾಬಿ ಅಂಚು ಮತ್ತು ನೇರಳೆ ಛಾಯೆ ಸಾರಜನಕದ್ದು. ಕಾಂತಧ್ರುವವನ್ನು ಸುತ್ತುವರಿದ ಒಂದು ಉಂಗುರದಂತಹ ಪ್ರದೇಶದಲ್ಲಿ ಇದು ಹೆಚ್ಚಾಗಿ ನಡೆಯುತ್ತದೆ. ಟ್ರೋಮ್ಸೊ ಆ ಉಂಗುರದ ಕೆಳಗೇ ಇದೆ. ಆದುದರಿಂದ ಸೂರ್ಯ ಶಾಂತನಾಗಿದ್ದಾಗಲೂ ಇಲ್ಲಿ ಪ್ರಭೆ ಮೂಡುವುದುಂಟು.

ಈ ರಹಸ್ಯವನ್ನು ಬಿಡಿಸಲು ಜೀವ ತೇದವರು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್ (1867–1917). 1899ರಲ್ಲಿ ಅಲ್ಟಾ ಪ್ರದೇಶದ ಹಲ್ಡೆ ಬೆಟ್ಟದ ಮೇಲೆ, ಬಿರುಗಾಳಿಯ ನಡುವೆ, ಅವರ ಪ್ರೇರಣೆಯಿಂದ ವೀಕ್ಷಣಾಲಯವೊಂದು ನಿರ್ಮಾಣವಾಯಿತು. ಮುಂದೆ ಅವರು ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಅಯಸ್ಕಾಂತದ ಗೋಲವನ್ನಿಟ್ಟು, ಅದರ ಮೇಲೆ ವಿದ್ಯುತ್ಕಣಗಳನ್ನು ಹಾಯಿಸಿ, ಗೋಲದ ಧ್ರುವಗಳ ಸುತ್ತ ಪುಟ್ಟ ಪ್ರಭೆ ಮೂಡುವುದನ್ನು ತೋರಿಸಿದರು.

ನಮ್ಮ ದೇಶಕ್ಕೂ ಈ ವಿಷಯಕ್ಕೂ ನಂಟಿದೆ. 1859ರ ಸೆಪ್ಟೆಂಬರಿನಲ್ಲಿ ಭೂಮಿಗೆ ಬಡಿದ ಮಹಾ ಸೌರಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕಗಳು ದಾಖಲಿಸಿದ್ದವು. ವಿಜ್ಞಾನಿಗಳು ಇಂದಿಗೂ ಆ ದಾಖಲೆಯನ್ನು ಪರಿಶೀಲಿಸುತ್ತಾರೆ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಗಿತ್ತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು ಸೂರ್ಯನನ್ನು ನೋಡಲು 2023ರಲ್ಲಿ ಹಾರಿಬಿಟ್ಟ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಇದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಸಿದ್ಧಪಡಿಸಿತು.

ಬರಿಗೈಯ ಮೊದಲ ರಾತ್ರಿ

ಪ್ರಭೆ ನೋಡುವವರಿಗೆ ಟ್ರೋಮ್ಸೊದಲ್ಲಿ ಎರಡು ದಾರಿಗಳಿವೆ. ನಲವತ್ತೈವತ್ತು ಜನರ ಬಸ್ಸಿನಲ್ಲಿ ಹೋಗುವುದು ಅಗ್ಗ. ಒಂದು ಕುಟುಂಬಕ್ಕೆಂದೇ ಒಂದು ವಾಹನ, ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದು ಹಲವು ಪಟ್ಟು ದುಬಾರಿ. ವಯಸ್ಸಾದವರು ಜೊತೆಗಿದ್ದುದರಿಂದ ನಾವು ಎರಡನೆಯದನ್ನು ಆರಿಸಿಕೊಂಡು, ಎರಡು ರಾತ್ರಿಗಳಿಗೆ ಹಣ ಕಟ್ಟಿದೆವು. ಬೇಕಾದಲ್ಲಿ ನಿಲ್ಲಿಸಬಹುದು, ಬೇಕಾದಾಗ ಹಿಂದಿರುಗಬಹುದು, ಹಿರಿಯರು ಬೆಚ್ಚಗಿನ ವಾಹನದಲ್ಲಿಯೇ ಕುಳಿತು ಕಾಯಬಹುದು.

ನಮ್ಮ ಮಾರ್ಗದರ್ಶಿ ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ತರುಣಿ. ವಾಹನ ನಡೆಸುವವರೂ ಅವರೇ. ಸಂಜೆ ಆರಕ್ಕೆ ಬಂದವರು ಮೊದಲು ಮಾಡಿದ ಕೆಲಸ ಮೋಡಗಳ ನಕ್ಷೆಯನ್ನು ನಮ್ಮ ಮುಂದೆ ತೆರೆದಿಟ್ಟದ್ದು. ಪ್ರಭೆ ಮೋಡಗಳಿಗಿಂತ ಬಹಳ ಮೇಲಿರುವುದರಿಂದ, ಮೋಡ ಕವಿದರೆ ಎಷ್ಟೇ ಪ್ರಬಲವಾದ ಪ್ರಭೆಯಿದ್ದರೂ ಕಾಣದು. "ಇಂದು ತೀರದುದ್ದಕ್ಕೂ ಮೋಡವಿದೆ. ಪ್ರಯತ್ನಿಸೋಣ. ಆದರೆ ಕಾಣುತ್ತದೆಂದು ನಾನು ಮಾತು ಕೊಡಲಾರೆ" ಎಂದರು. ಅವರ ಮಾತಿನಂತೆಯೇ ಆಯಿತು. ಮೂರು ಕಡೆ ನಿಲ್ಲಿಸಿದೆವು. ಮೂರು ಕಡೆಯೂ ಹಿಮ ಸುರಿಯಿತು. ರಾತ್ರಿ ಒಂದಕ್ಕೆ ಬರಿಗೈಯಲ್ಲಿ ಹಿಂದಿರುಗಿದೆವು. ನನ್ನಾಕೆ ಖರ್ಚಿನ ಲೆಕ್ಕ ಹಾಕಿ ಸುಮ್ಮನಾದಳು. ಮಗ ತಲೆ ತಗ್ಗಿಸಿ ಕುಳಿತನು.

ಮರುದಿನ ಮಾರ್ಗದರ್ಶಿ ಮಧ್ಯಾಹ್ನವೇ ದೂರವಾಣಿ ಮಾಡಿದರು. ತೀರದಲ್ಲಿ ಇಂದೂ ಮೋಡ. ಆದರೆ ಒಳನಾಡಿನಲ್ಲಿ, ಫಿನ್ಲೆಂಡಿನ ಗಡಿಯತ್ತ, ಆಕಾಶ ತಿಳಿಯಾಗುವ ಸೂಚನೆಯಿದೆ. ಸುಮಾರು 160 ಕಿಲೋಮೀಟರು ಹಿಮದ ರಸ್ತೆ, ಹೋಗಿಬರಲು ಐದಾರು ಗಂಟೆ, ಅಲ್ಲಿ ಚಳಿ ಬಹಳ ಹೆಚ್ಚು. ಹಿರಿಯರು ಬರುವರೋ ಇಲ್ಲವೋ ನೀವೇ ನಿರ್ಧರಿಸಿರಿ ಎಂದರು. ಹಿಂದಿನ ರಾತ್ರಿಯ ದಣಿವಿನಿಂದ ತಾಯಿಯವರ ಕಾಲು ಬಾತಿದ್ದವು. ಅವರನ್ನು ಕೋಣೆಯಲ್ಲಿ ಬಿಟ್ಟು ನಾವು ಹೋಗುವುದು ಅರ್ಥವಿಲ್ಲದ ಮಾತು. ಕರೆದೊಯ್ದು ಏನಾದರೂ ಹೆಚ್ಚುಕಡಿಮೆಯಾದರೆ ಪರದೇಶ. ನಾನು ಬೇಡವೆಂದೆ. ತಾಯಿಯವರು ಉಣ್ಣೆಯ ಕಾಲುಚೀಲ ತೊಡುತ್ತ, "ನಿನಗ ಅಂಜಿಕಿ ಆದ್ರ ನೀ ಉಳಿ. ನಾ ಬಂದದ್ದು ನೋಡಾಕ" ಎಂದರು.

ಬೆಳಕು ಬಂದ ಹೊತ್ತು

ಕಡಲಚಾಚುಗಳ ಅಂಚು ಹಿಡಿದು, ಸ್ಕಿಬೋಟ್ನ್ ಎಂಬ ಹಳ್ಳಿಯನ್ನು ದಾಟಿ, ಬೆಟ್ಟದ ದಾರಿಯೇರಿ, ಗಡಿಯಾಚೆಯ ಕಿಲ್ಪಿಸ್ಯಾರ್ವಿ ತಲುಪಿದಾಗ ರಾತ್ರಿ ಒಂಬತ್ತೂವರೆ. ಮೋಡ ಹಿಂದೆ ಉಳಿದಿತ್ತು. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಮಾರ್ಗದರ್ಶಿ ಕೊಟ್ಟ ದಪ್ಪನೆಯ ಇಡೀ ಮೈಯುಡುಪು ಮತ್ತು ಬೂಟುಗಳನ್ನು ತೊಟ್ಟು, ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ಅವರು ಹೊತ್ತಿಸಿದ ಬೆಂಕಿಯ ಸುತ್ತ ಕುಳಿತೆವು. ಈ ನಾಡಿನ ಮೂಲನಿವಾಸಿಗಳಾದ ಸಾಮಿ ಜನರು ಪ್ರಭೆಯನ್ನು ಕಂಡಾಗ ಶಿಳ್ಳೆ ಹಾಕಬಾರದೆಂದು ಮಕ್ಕಳಿಗೆ ಹೇಳುತ್ತಿದ್ದರಂತೆ. ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ ನರಿಯ ಬೆಂಕಿ ಎಂಬರ್ಥದ ಹೆಸರಿದೆಯಂತೆ. ಅವರು ಹೇಳುತ್ತಿದ್ದರು, ಮಗ ಕನ್ನಡಿಸುತ್ತಿದ್ದನು, ತಾಯಿಯವರು ಹೂಂಗುಡುತ್ತಿದ್ದರು.

ಹನ್ನೊಂದರ ಸುಮಾರಿಗೆ ಉತ್ತರದಲ್ಲಿ ಮಸುಕಾದ ಬಿಲ್ಲೊಂದು ಮೂಡಿತು. ಮಗನ ಕ್ಯಾಮೆರಾದಲ್ಲಿ ಅದು ಹಚ್ಚಹಸಿರು, ಬರಿಗಣ್ಣಿಗೆ ಬೂದುಬಿಳುಪು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡವು. ಕ್ಯಾಮೆರಾ ಕೆಲವು ಸೆಕೆಂಡುಗಳ ಬೆಳಕನ್ನು ಕೂಡಿಟ್ಟುಕೊಳ್ಳುವುದರಿಂದ ಅದಕ್ಕೆ ಬಣ್ಣ ಸಿಗುತ್ತದೆ. "ಏನರ ಕಾಣತೈತೇನವ್ವಾ?" ಎಂದು ಕೇಳಿದೆ. "ವಿಭೂತಿ ಎಳದಂಗ ಒಂದು ಗೆರಿ ಐತಿ" ಎಂದರು. ಅಷ್ಟಕ್ಕೇ ನಮಗೆ ಸಮಾಧಾನವಾಗಿತ್ತು. ಮಾರ್ಗದರ್ಶಿ ಮಾತ್ರ, "ಇನ್ನೂ ಸ್ವಲ್ಪ ಕಾಯೋಣ" ಎಂದರು.

ಹನ್ನೆರಡು ದಾಟಿ ಹತ್ತು ನಿಮಿಷವಾಗಿರಬಹುದು. ಆ ಗೆರೆ ಒಮ್ಮೆಲೇ ನಡುಗಿತು, ಅಲೆಯಾಯಿತು, ನೋಡನೋಡುತ್ತಿದ್ದಂತೆ ನೆತ್ತಿಯವರೆಗೂ ಏರಿ ಹಸಿರು ಮಡಿಕೆಗಳಾಗಿ ಇಳಿಬಿದ್ದಿತು. ಕೆಳಗಿನ ಅಂಚಿನಲ್ಲಿ ಗುಲಾಬಿ ಬಣ್ಣ ಓಡಾಡಿತು. ಹಿಮದ ನೆಲವೂ ನಮ್ಮ ಮುಖಗಳೂ ಹಸಿರಾದವು. ತಾಯಿಯವರಿಗೆ ಇಡೀ ಆಕಾಶ ಒಮ್ಮೆಗೇ ಕಾಣದು. ಅವರು ಮೊಮ್ಮಗನ ತೋಳು ಹಿಡಿದು, ಗೋಣನ್ನು ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ, ತುಣುಕು ತುಣುಕಾಗಿ ಅದನ್ನು ನೋಡಿದರು. "ಹಸರ... ಹಸರ ಐತಿ" ಎಂದರು. ಮತ್ತೇನೂ ಹೇಳಲಿಲ್ಲ. ಎಂಟು ಹತ್ತು ನಿಮಿಷಗಳಲ್ಲಿ ಎಲ್ಲವೂ ಮಸುಕಾಯಿತು. ಮಾರ್ಗದರ್ಶಿ ತಾಯಿಯವರ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ವಾಹನದವರೆಗೆ ನಡೆಸಿಕೊಂಡು ಬಂದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು; ದಾರಿಯುದ್ದಕ್ಕೂ ಏನೋ ಮಾತನಾಡುತ್ತಲೇ ಇದ್ದರು.

ಹೋಗಬಯಸುವವರಿಗೆ

ಸೆಪ್ಟೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ ಟ್ರೋಮ್ಸೊದಲ್ಲಿ ಪ್ರಭೆ ಕಾಣಲು ಬೇಕಾದ ಕತ್ತಲೆ ಇರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದುದರಿಂದ ಆಗ ಹೋಗಿ ಪ್ರಯೋಜನವಿಲ್ಲ. ಸೂರ್ಯನ ಚಟುವಟಿಕೆ ಸುಮಾರು 11 ವರುಷಗಳಿಗೊಮ್ಮೆ ಏರಿಳಿಯುತ್ತದೆ. 2024ರಲ್ಲಿ ಅದು ಉಚ್ಛ್ರಾಯದ ಹಂತದಲ್ಲಿದ್ದಿತು. ಒಂದೇ ರಾತ್ರಿಯನ್ನು ನಂಬಿ ಹೋಗದೆ, ಕನಿಷ್ಠ ಮೂರು ನಾಲ್ಕು ರಾತ್ರಿಗಳನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು. ಹಣ ಕಟ್ಟುವ ಮುನ್ನ, ಪ್ರಭೆ ಕಾಣದಿದ್ದರೆ ಏನು ವ್ಯವಸ್ಥೆ, ಗಡಿ ದಾಟಿ ಹೋಗುವರೇ, ಬೆಚ್ಚನೆಯ ಉಡುಪು ಕೊಡುವರೇ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಬೇಕು. ಖಂಡಿತ ತೋರಿಸುತ್ತೇವೆಂದು ಹೇಳುವವರಿಗಿಂತ, ತೋರಿಸಲಾರೆವೇನೋ ಎಂದು ಹೇಳುವವರೇ ನಂಬಿಕೆಗೆ ಅರ್ಹರು. ಗಡಿ ದಾಟುವಾಗ ಪಾಸ್‌ಪೋರ್ಟ್ ಜೊತೆಗಿರಲಿ. ಎರಡೂ ದೇಶಗಳಿಗೆ ಷೆಂಗೆನ್ ವೀಸಾ ಸಾಕು.

ಆಹಾರದ ವಿಷಯದಲ್ಲಿ ನಮ್ಮಂಥ ಶಾಕಾಹಾರಿಗಳು ಮುಂಚಿತವಾಗಿಯೇ ತಿಳಿಸಬೇಕು. ಅಲ್ಲಿ ಬೆಂಕಿಯ ಬಳಿ ಸಾಮಾನ್ಯವಾಗಿ ಕೊಡುವುದು ಮೀನಿನ ಅಥವಾ ಹಿಮಸಾರಂಗದ ಮಾಂಸದ ಸಾರು. ತಿಳಿಸಿದ್ದರಿಂದ ನಮಗೆ ತರಕಾರಿಯ ಬಿಸಿ ಸಾರು ಸಿಕ್ಕಿತು. ಜೊತೆಗೆ ನಾವು ಒಯ್ದಿದ್ದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಒಯ್ಯಲು ಅಲ್ಲಿ ಪರವಾನಿಗೆಯಿಲ್ಲ. ತುಪ್ಪವನ್ನೂ ಧಾರವಾಡದ ಪೇಡೆಯನ್ನೂ ಮನೆಯಲ್ಲಿಯೇ ಬಿಡಬೇಕು.

ಮಾರ್ಗದರ್ಶಿಗೆ ನಾವು ಕೊಡುವ ಹಣ ರಸ್ತೆಗೆ, ವಾಹನಕ್ಕೆ, ಅವರ ಅನುಭವಕ್ಕೆ ಮತ್ತು ಕಾಯುವ ತಾಳ್ಮೆಗೆ ಸಲ್ಲುತ್ತದೆ. ಬೆಳಕಿಗೆ ಬೆಲೆಯಿಲ್ಲ, ಅದು ಬಂದರೆ ಬಂದೀತು. ಇಷ್ಟನ್ನು ಒಪ್ಪಿಕೊಂಡು ಹೊರಟವರಿಗೆ ಈ ಪ್ರವಾಸ ನಿರಾಸೆ ತರಲಾರದು. ಎಲ್ಲರೂ ನಾರ್ವೆಗೇ ಹೋಗಬೇಕೆಂದು ನನ್ನ ಮಾತಲ್ಲ. ಆದರೆ ಮನೆಯ ಹಿರಿಯರಿಗೆ ಏನನ್ನಾದರೂ ತೋರಿಸಬೇಕೆಂಬ ಮನಸ್ಸು ನಿಮಗಿದ್ದರೆ, ಅದು ಹಿಮದ ನಾಡಾಗಲಿ, ಹತ್ತಿರದ ಹೊಳೆಯ ದಂಡೆಯಾಗಲಿ, ಅವರ ಕಣ್ಣು ಕಾಲುಗಳು ಗಟ್ಟಿಯಾಗಿರುವಾಗಲೇ ಕರೆದುಕೊಂಡು ಹೋಗಿರಿ.