ಕೂದಲಲ್ಲಿ ಮರದ ಚಾಕು

ಗ್ರಂಥಾಲಯದ ಒಂದು ಕಲಾಪುಸ್ತಕದಲ್ಲಿ ಅಮೆರಿಕದ ಹುಲ್ಲುಗಾವಲಿನ ಮಂಡನ್ ಜನರ ನಾಯಕ ಮಾಟೊ-ಟೋಪೆಯ ಹಳೆಯ ಅಚ್ಚುಚಿತ್ರ ಕಂಡೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಬೋಡ್ಮರ್ 1834ರಲ್ಲಿ ಮಿಸೌರಿ ನದಿಯ ದಡದಲ್ಲಿ ಆತನನ್ನು ಎದುರಿಗಿಟ್ಟುಕೊಂಡು ಬರೆದದ್ದು. ಆಮೇಲೆ ತಾಮ್ರದ ತಗಡಿಗೆ ಇಳಿಸಿ ಅಚ್ಚು ಹಾಕಿದರು.

ಪಕ್ಕದಲ್ಲಿದ್ದ ಗೆಳತಿ 'ಫ್ಯಾನ್ಸಿ ಡ್ರೆಸ್' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೂದಲಿಗೆ ಸಿಕ್ಕಿಸಿದ ಆ ಮರದ ಚಾಕು, ಷಾಯೆನ್ ನಾಯಕನೊಬ್ಬನನ್ನು ಆತ ಅವನದೇ ಚಾಕುವಿನಿಂದ ಕೊಂದು ಗೆದ್ದದ್ದರ ಗುರುತು. ಉಡುಪೇ ಅವನ ಜೀವನಚರಿತ್ರೆ! ಆ ಕಾಳಗವನ್ನು ಆತನೂ ಕಾಗದದ ಮೇಲೆ ಬಣ್ಣದಲ್ಲಿ ಬಿಡಿಸಿದ್ದಾನೆ. ಬೋಡ್ಮರನ ಚಿತ್ರಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ.

1837ರಲ್ಲಿ ಸಿಡುಬು ಬಂದು ಮಂಡನ್ ಹಳ್ಳಿಗಳು ಬರಿದಾದವು. ಮಾಟೊ-ಟೋಪೆಯೂ ಉಳಿಯಲಿಲ್ಲ. ಬೋಡ್ಮರನ ಚಿತ್ರಗಳಿದ್ದ ಪುಸ್ತಕ ಯುರೋಪಿನಲ್ಲಿ ಹೊರಬರತೊಡಗಿದ್ದು 1839ರಲ್ಲಿ.