ಬ್ಲಫ್‌ನಲ್ಲಿ ನಾನು ಕೆಡಿಸಿದ ಪಿಕ್ನಿಕ್

ಪಿಕ್ನಿಕ್ ಕೆಡಿಸುವುದು ಅಷ್ಟು ಸುಲಭವಲ್ಲ. ಹಸಿವು, ಮರದ ನೆರಳು, ನಾಲ್ಕು ಜನ ನೆಂಟರು ಇದ್ದರೆ ಅದು ತಾನಾಗಿಯೇ ನಡೆದುಹೋಗುತ್ತದೆ. ಆದರೂ ನಾನು ಕೆಡಿಸಿದೆ. ಅದೂ ವರ್ಷಗಟ್ಟಲೆ ನ್ಯೂಜೆರ್ಸಿಯಲ್ಲಿ ಕನ್ನಡ ಕುಟುಂಬಗಳ ಬೇಸಿಗೆ ಪಿಕ್ನಿಕ್ಕಿಗೆ ಓಡಾಡಿದ ಮೇಲೆ.

ಅಲ್ಲಿ ಪಿಕ್ನಿಕ್ ಅಂದರೆ ಜುಲೈ. ಪಾರ್ಕಿನ ಮಂಟಪವನ್ನು ಬಹಳ ಮುಂಚೆಯೇ ಕಾದಿರಿಸಬೇಕು. ಆಮೇಲೆ ಒಂದು ಪಟ್ಟಿ ಮನೆಯಿಂದ ಮನೆಗೆ ಸುತ್ತುತ್ತದೆ: ಪುಳಿಯೋಗರೆ ಯಾರದು, ಮೊಸರನ್ನ ಯಾರದು, ಇದ್ದಿಲು, ಐಸು, ಕಸದ ಚೀಲ ಯಾರದು. ಒಮ್ಮೆ ಪಕ್ಕದ ಮಂಟಪದಲ್ಲಿ ನೈಜೀರಿಯಾ ಮೂಲದ ಇಗ್ಬೊ ಕುಟುಂಬಗಳು ಸೇರಿದ್ದವು. ಕೆಂಪನೆಯ ಜೊಲೊಫ್ ಅನ್ನದ ದೊಡ್ಡ ತಟ್ಟೆಗಳು, ಮಾಂಸ ಸುಡುವ ಹೊಗೆ, ಕುರ್ಚಿ ಹೊರುತ್ತಿದ್ದ ಹುಡುಗರು, ಕೂತಲ್ಲಿಂದಲೇ ಎಲ್ಲರಿಗೂ ಕೆಲಸ ಹೇಳುತ್ತಿದ್ದ ಅಜ್ಜಿ. ಮಳವಳ್ಳಿಯ ಯಾವುದೋ ಮದುವೆಮನೆಯನ್ನು ಎತ್ತಿ ತಂದಿಟ್ಟ ಹಾಗಿತ್ತು. ನೋಡಿ ನಕ್ಕೆ. ಕಲಿಯಲಿಲ್ಲ.

ಆ ಪಟ್ಟಿಯ ಬಗ್ಗೆ ನನಗೊಂದು ತಾತ್ಸಾರವಿತ್ತು. ಕೂಲಿಗೆ ಜನ ಸಿಗದ ದೇಶದಲ್ಲಿ ವಿಧಿಯಿಲ್ಲದೆ ಮಾಡಿಕೊಂಡ ಏರ್ಪಾಡು ಎಂದೇ ತಿಳಿದಿದ್ದೆ. ಹಾಗಾಗಿ ಊರಿಗೆ ವಾಪಸಾದ ಮೇಲೆ, ನಮ್ಮಂತೆಯೇ ಮರಳಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಕುಟುಂಬಗಳನ್ನೂ ಮದ್ದೂರು, ಮಳವಳ್ಳಿ ಕಡೆಯ ನಮ್ಮ ನೆಂಟರನ್ನೂ ಸೇರಿಸಿ ಶಿವನಸಮುದ್ರದ ಬ್ಲಫ್‌ಗೆ ಹೊರಡಿಸಿದಾಗ, ಯಾರೂ ಒಂದು ಸೌಟು ಕೂಡ ತರಕೂಡದು ಎಂದು ಅಪ್ಪಣೆ ಮಾಡಿದೆ. ಅಡುಗೆ ಕಂಟ್ರಾಕ್ಟು, ಬಡಿಸಲು ಆಳು, ಎಲೆ ತೆಗೆಯಲು ಆಳು, ಶಾಮಿಯಾನ, ಮಕ್ಕಳನ್ನು ಆಡಿಸಲು ಮೈಕು ಹಿಡಿದ ಹುಡುಗ. ದುಡ್ಡೆಲ್ಲ ನನ್ನದೇ.

ಶಾಲೆಗಳಿಗೆ ರಜೆಯೆಂದು ಮೇ ತಿಂಗಳಲ್ಲಿ ದಿನ ಗೊತ್ತುಮಾಡಿದೆ. ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಶಿವನಸಮುದ್ರದಲ್ಲಿ ಕಾವೇರಿ 1902ರಿಂದ ಕರೆಂಟು ಕೊಡುತ್ತಿದ್ದಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಮೊದಲು ತಂತಿ ಎಳೆದರು, 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಜಲಪಾತಕ್ಕಿಂತ ಮೇಲೆಯೇ ನೀರನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಬೆಟ್ಟದ ಬುಡದ ಯಂತ್ರಗಳಿಗೆ ಇಳಿಸುತ್ತಾರೆ. ಹೊಳೆ ಸಣ್ಣದಾದಾಗ ಬಹುಪಾಲು ನೀರು ಆ ದಾರಿಯನ್ನೇ ಹಿಡಿಯುತ್ತದೆ, ಗಗನಚುಕ್ಕಿ ಜಲಪಾತದಲ್ಲಿ ಉಳಿಯುವುದು ಕರಿಬಂಡೆ. ಇದನ್ನೆಲ್ಲ ಬಸ್ಸಿನಲ್ಲಿ ನಿಂತು ವಿವರಿಸಿದವನು ನಾನೇ! ಬಾಯಿ ಹೇಳುತ್ತಿದ್ದುದನ್ನು ತಲೆ ಕೇಳಿಸಿಕೊಳ್ಳಲಿಲ್ಲ. ಇಳಿದ ಕೂಡಲೇ ಒಬ್ಬ ಹುಡುಗ, “ಅಂಕಲ್, ಫಾಲ್ಸ್ ಎಲ್ಲಿ?” ಎಂದ. ವಿದ್ಯುತ್ ಕೇಂದ್ರವನ್ನಾದರೂ ತೋರಿಸೋಣವೆಂದರೆ ಅದಕ್ಕೆ ಮುಂಚಿತವಾಗಿ ಅನುಮತಿ ಬೇಕು. ನಾನು ಕೇಳಿಯೇ ಇರಲಿಲ್ಲ.

ನೀರಿಲ್ಲದ್ದನ್ನು ನಮ್ಮ ಜನ ಕ್ಷಮಿಸುತ್ತಾರೆ. ಮಂಡ್ಯದ ಕಡೆಯವರಿಗೆ ಒಣಗಿದ ಕಾವೇರಿ ಹೊಸದೇನಲ್ಲ. ಕೆಟ್ಟದ್ದು ಆಮೇಲೆ. ಮಾಡಲು ಏನೂ ಕೆಲಸವಿಲ್ಲದೆ ಬೆಂಗಳೂರಿನವರು ಒಂದು ಕಡೆ ಕೂತರು, ಮಳವಳ್ಳಿಯವರು ಇನ್ನೊಂದು ಕಡೆ ಕೂತರು. ಗಂಡಸರು ಕಾರಿನ ಎ.ಸಿ. ಹಾಕಿಕೊಂಡು ಕಣ್ಣು ಮುಚ್ಚಿದರು. ಮೈಕಿನ ಹುಡುಗ ಕೂಗಿ ಕೂಗಿ ಸುಸ್ತಾದ. ಆ ದಿನ ಅಲ್ಲಿ ಕೈತುಂಬ ಕೆಲಸವಿದ್ದದ್ದು ಅಡುಗೆಯವರಿಗೆ ಮತ್ತು ಕೋತಿಗಳಿಗೆ.

ಉಂಡು ಕೈ ತೊಳೆಯುವಾಗ ನನ್ನ ಸೋದರತ್ತೆ ಕೇಳಿದರು: “ಉಂಡು ಎದ್ದೋಗಕ್ಕೆ ಇಷ್ಟು ದೂರ ಯಾಕ್ಲಾ ಮಗ ಕರ್ಕಂಡ್ ಬಂದೆ? ಮುತ್ತತ್ತೀಲಿ ಪರ ಮಾಡ್ತಿದ್ದುದ್ದು ಮರ್ತೋದ್ಯಾ?”

ಮರೆತಿದ್ದೆ. ಮುತ್ತತ್ತಿ ಇದೇ ತಾಲ್ಲೂಕು, ಇದೇ ಹೊಳೆಯ ಕೆಳಗಿನ ದಂಡೆ. ಮುತ್ತೆತ್ತರಾಯನಿಗೆ ಪೂಜೆ ಮಾಡಿಸಿ, ಹೊಳೆ ಬದಿಯ ಮರದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದೆವು. ದೊಡ್ಡಪ್ಪ ಬಾಡು ಕೊಯ್ಯುವವರು, ಚಿಕ್ಕಮ್ಮಂದಿರು ಖಾರ ಅರೆಯುವವರು, ನಾವು ಪುಳ್ಳೆ ಆಯುವವರು. ಹಸಿ ಸೌದೆಯ ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಸಾರಿಗೆ ಉಪ್ಪು ಹಾಕಿದವರು ಯಾರು ಎಂಬ ಜಗಳ, ಮುದ್ದೆ ಗಂಟಾಯಿತೆಂದು ಆಡಿಕೊಳ್ಳುವುದು. ಹೊಸದಾಗಿ ಬಂದ ಸೊಸೆ ಸಂಜೆಯ ಹೊತ್ತಿಗೆ ಅತ್ತೆಯ ಮೇಲೇ ಒಂದು ತಮಾಷೆ ಹಾರಿಸುವಷ್ಟು ನಮ್ಮವಳಾಗಿರುತ್ತಿದ್ದಳು. ನ್ಯೂಜೆರ್ಸಿಯ ಪಟ್ಟಿ ಮಾಡುತ್ತಿದ್ದದ್ದೂ ಅದನ್ನೇ; ಯಾರದೋ ಮೊಸರನ್ನ ಹುಳಿಯಾಗಿತ್ತೆಂಬ ಮಾತಿನಿಂದ ಶುರುವಾದ ಸ್ನೇಹ ಇವತ್ತಿಗೂ ಇದೆ. ಇಲ್ಲಿ ಬ್ಲಫ್‌ನಲ್ಲಿ ನನ್ನ ಮಗಳು ಇಡೀ ದಿನ ಕಳೆದರೂ ತನ್ನ ದೊಡ್ಡಪ್ಪನ ಮೊಮ್ಮಕ್ಕಳ ಹೆಸರು ಕೇಳಿಕೊಳ್ಳಲಿಲ್ಲ. ಕೇಳಬೇಕಾದ ಸಂದರ್ಭವೇ ಬರಲಿಲ್ಲವಲ್ಲ.

ಯಾರಿಗೂ ಶ್ರಮವಾಗದಿರಲಿ ಎಂದು ಹಾಗೆ ಮಾಡಿದೆ ಅಂತ ಬಹಳ ಕಾಲ ಹೇಳಿಕೊಂಡೆ. ಸುಳ್ಳು. ದುಡಿದು ಬಂದಿದ್ದೇನೆಂದು ತೋರಿಸಿಕೊಳ್ಳಬೇಕಿತ್ತು. ನೆಂಟರಿಗೆ ಅದು ಗೊತ್ತಾಯಿತು. ಅವರು ಅತಿಥಿಗಳ ಹಾಗೆ ಬಂದು, ಅತಿಥಿಗಳ ಹಾಗೆಯೇ ಥ್ಯಾಂಕ್ಸ್ ಹೇಳಿ ಹೋದರು. ನಮ್ಮ ಮನೆತನದಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನೀವು ಬ್ಲಫ್ ಕಡೆ ಬಂಧುಬಳಗ ಕಟ್ಟಿಕೊಂಡು ಹೋಗುವುದಿದ್ದರೆ, ಕನ್ನಂಬಾಡಿ ತುಂಬಿ ಹೊಳೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ಹೊರಡಿ. ದೂರ ನಿಂತು ನೋಡಿ, ನೀರಿಗೆ ಇಳಿಯಬೇಡಿ. ಅಡುಗೆಯವರಿಗೆ ಮುಂಗಡ ಕೊಡುವ ಮೊದಲು ಮನೆಮನೆಗೂ ಫೋನ್ ಮಾಡಿ, ಯಾರು ಏನು ತರುತ್ತೀರಿ ಎಂದು ಕೇಳಿ. ಕಸದ ಚೀಲ ನಿಮ್ಮ ಪಾಲಿಗಿರಲಿ.