ಮಿನ್ನುವಿನ ನೋಟ್‌ಬುಕ್

ನಮ್ಮ ಮನೆಯ ಬೆಕ್ಕಿನ ಹೆಸರು ಮಿನ್ನು. ಕಳೆದ ಮಳೆಗಾಲದಲ್ಲಿ ಮೀನಿನ ವಾಸನೆ ಹಿಡಿದು ಅಡುಗೆಮನೆಯ ಹಿಂಬಾಗಿಲಿಗೆ ಬಂದವಳು ಮಳೆ ನಿಂತರೂ ಹೋಗಲಿಲ್ಲ. ಬೂದು ಮೈ, ಬಿಳಿ ಪಾದ. ವಾಂತಿ ಶುರುವಾಗುವವರೆಗೆ ಎಲ್ಲರಿಗೂ ಅವಳು ಇಷ್ಟವಾಗಿದ್ದಳು.

ಮೊದಲು ವಾರಕ್ಕೊಮ್ಮೆ ಇದ್ದದ್ದು ಆಮೇಲೆ ಎರಡು ದಿನಕ್ಕೊಮ್ಮೆ ಆಯಿತು. ಜೊತೆಗೆ ಆಗಾಗ ಭೇದಿ. ಜಗಲಿ, ಮೆಟ್ಟಿಲು, ಚಪ್ಪಲಿ ಇಡುವ ಜಾಗ, ಎಲ್ಲಿ ನೋಡಿದರೂ ಅವಳ ಗುರುತು. ಒಂದು ದಿನ ಉಮ್ಮ ಅಸರ್ ನಮಾಝ್‌ಗೆಂದು ಹಾಸಿದ್ದ ಮುಸಲ್ಲಾದ ಮೇಲೆಯೇ ವಾಂತಿ ಮಾಡಿದಳು. ಅಂದು ರಾತ್ರಿ ಮನೆಯಲ್ಲಿ ಅವಳದೇ ವಿಚಾರಣೆ. ಅಕ್ಕನ ಮಗು ಆಗಷ್ಟೇ ಅಂಬೆಗಾಲಿಡುತ್ತಿತ್ತು, ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿತ್ತು. ಉಮ್ಮನ ಚಿಂತೆ ನ್ಯಾಯವಾದದ್ದೇ. ಅಣ್ಣ, "ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟ್‌ನಲ್ಲಿ ಬಿಟ್ಟು ಬರುತ್ತೇನೆ. ಅಲ್ಲಿ ತಿನ್ನಲು ಬೇಕಾದಷ್ಟು ಸಿಗುತ್ತದೆ" ಎಂದ.

ಅಜ್ಜಿ ಒಂದು ಹದೀಸ್ ನೆನಪಿಸಿದರು. ಬೆಕ್ಕನ್ನು ಕೂಡಿಹಾಕಿ, ತಿನ್ನಲು ಕೊಡದೆ, ತಾನಾಗಿ ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದ ವಿಷಯ ಅದು. ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. "ನಾವು ಕಟ್ಟಿಹಾಕುತ್ತಿಲ್ಲವಲ್ಲ, ಬಿಡುತ್ತಿದ್ದೇವೆ" ಎಂದ ಅಣ್ಣ. ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಆರೋಗ್ಯವಾಗಿರುವ ಬೆಕ್ಕನ್ನು ಬಿಟ್ಟರೆ ಅದು ಹೇಗೋ ಬದುಕೀತು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದ ಬೆಕ್ಕನ್ನು ಮಾರ್ಕೆಟ್‌ನ ನಾಯಿಗಳ ನಡುವೆ ಬಿಟ್ಟರೆ ಅದಕ್ಕೂ ಕೂಡಿಹಾಕುವುದಕ್ಕೂ ಎಷ್ಟು ವ್ಯತ್ಯಾಸ? ನಾನು ಎರಡು ವಾರ ಕೇಳಿದೆ. ಮಗು ಇರುವ ಕಡೆ ಬೆಕ್ಕು ಬರಬಾರದು, ಗಲೀಜು ನಾನೇ ಸ್ವಚ್ಛ ಮಾಡಬೇಕು ಎಂಬ ಎರಡು ಷರತ್ತಿನ ಮೇಲೆ ಉಮ್ಮ ಒಪ್ಪಿದರು.

ಅಂದಿನಿಂದಲೇ ಸಲಹೆಗಳು ಬರತೊಡಗಿದವು. ಪಕ್ಕದ ಮನೆಯವರು ಜ್ವರದ ಪ್ಯಾರಸಿಟಮಾಲ್ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಡಲು ಹೇಳಿದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಆದರೆ ಬೆಕ್ಕಿಗೆ ಅದು ವಿಷ. ನಮ್ಮ ಯಕೃತ್ತು ಆ ಔಷಧಿಯನ್ನು ನಿರಪಾಯ ಮಾಡಿ ಹೊರಹಾಕಲು ಬಳಸುವ ಕಿಣ್ವ ಬೆಕ್ಕಿನಲ್ಲಿ ಬಹಳ ಕಡಿಮೆ. ಹಾಗಾಗಿ ಒಂದು ಮಾತ್ರೆಯ ತುಂಡು ಕೂಡ ಅದರ ರಕ್ತವನ್ನು ಕೆಡಿಸಿ ಜೀವ ತೆಗೆಯಬಹುದು. ಆದ್ದರಿಂದ ಮೊದಲ ನಿರ್ಧಾರ ಮಾಡಿದೆ: ವೈದ್ಯರು ನೋಡುವವರೆಗೆ ಯಾವ ಮದ್ದೂ ಇಲ್ಲ, ನೋಡುವುದು ಮತ್ತು ಬರೆಯುವುದು ಮಾತ್ರ.

ಹಳೆಯ ಬಯಾಲಜಿ ನೋಟ್‌ಬುಕ್‌ನ ಉಳಿದ ಹಾಳೆಗಳಲ್ಲಿ ನಾಲ್ಕು ಕಾಲಂ ಎಳೆದೆ. ತಿಂದದ್ದು ಏನು, ಎಷ್ಟು ಹೊತ್ತಿಗೆ, ವಾಂತಿ ಯಾವಾಗ, ಅದರಲ್ಲಿ ಏನಿತ್ತು. ಅಣ್ಣ ನಕ್ಕ. ಆದರೆ ಆರು ದಿನಗಳಲ್ಲಿ ಆ ಹಾಳೆ ಮಾತನಾಡತೊಡಗಿತು. ನಾವು "ವಾಂತಿ" ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದದ್ದು ಒಂದೇ ಸಂಗತಿಯಾಗಿರಲಿಲ್ಲ.

ಕೆಲವೊಮ್ಮೆ ತಿಂದು ಹತ್ತು ನಿಮಿಷದೊಳಗೆ ಅನ್ನ, ಮೀನು ಹಾಗೆಯೇ, ಜೀರ್ಣವಾಗದೆ ಹೊರಬರುತ್ತಿತ್ತು. ಅದು ಅಂಗಳದ ಕೋಳಿಗಳು ಹತ್ತಿರ ಬರುವ ಮೊದಲೇ ಅವಳು ಗಬಗಬ ನುಂಗಿದ ದಿನಗಳಲ್ಲಿ. ಫಜ್ರ್ ಹೊತ್ತಿಗೆ ಮಾತ್ರ ಹೊಟ್ಟೆ ಹಿಂಡಿ ಹಿಂಡಿ ಹಳದಿ ನೊರೆ ಬರುತ್ತಿತ್ತು. ರಾತ್ರಿಯಿಡೀ ಖಾಲಿ ಇದ್ದ ಹೊಟ್ಟೆಗೆ ಪಿತ್ತರಸ ಏರಿ ಹೀಗಾಗಬಹುದು. ಒಮ್ಮೆ ಬೆರಳಿನಷ್ಟು ಉದ್ದದ ಕೂದಲಿನ ಉಂಡೆ ಬಂತು. ಭೇದಿಯಾದದ್ದು ಅಜ್ಜಿ ಪ್ರೀತಿಯಿಂದ ಹಾಲು ಇಟ್ಟ ದಿನಗಳಲ್ಲಿ. ಮರಿ ದೊಡ್ಡದಾದಂತೆ ಹಾಲಿನ ಲ್ಯಾಕ್ಟೋಸ್ ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವ ಹೆಚ್ಚಿನ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಬೆಕ್ಕು ಎಂದರೆ ಹಾಲು ಎಂದು ನಾವು ಚಿತ್ರಪುಸ್ತಕಗಳಿಂದ ಕಲಿತಿದ್ದೇವೆ. ಬೆಕ್ಕಿನ ಹೊಟ್ಟೆ ಆ ಪುಸ್ತಕ ಓದಿಲ್ಲ! ಆರನೆಯ ದಿನ ವಾಂತಿಯಲ್ಲಿ ಸೇವಿಗೆಯಂತೆ ಬಿಳಿ ಹುಳ ಕಾಣಿಸಿತು. ಮರುದಿನವೇ ತರಕಾರಿ ಬುಟ್ಟಿಯಲ್ಲಿ ಅವಳನ್ನು ಕೂರಿಸಿ, ಮೇಲೊಂದು ಶಾಲು ಕಟ್ಟಿ, ಆಟೋದಲ್ಲಿ ಪಶು ಆಸ್ಪತ್ರೆಗೆ ಹೋದೆವು. ಆಟೋ ಹಿಡಿದವನು ಅಣ್ಣನೇ.

ಡಾಕ್ಟರ್ ಮೊದಲು ಅವಳನ್ನು ತೂಗಿದರು. 2.4 ಕೆ.ಜಿ. ಕುತ್ತಿಗೆಯ ಹಿಂದಿನ ಚರ್ಮ ಎತ್ತಿ ಬಿಟ್ಟು, ಅದು ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂದು ನೋಡಿದರು. ನಿಧಾನವಾದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ಅರ್ಥವಂತೆ. ಒಸಡು ಬಿಳಿಚಿದೆಯೇ ಎಂದು ತುಟಿ ಸರಿಸಿ ನೋಡಿದರು. ನಂತರ, "ಯಾವಾಗಿನಿಂದ? ದಿನಕ್ಕೆ ಎಷ್ಟು ಸಲ?" ಎಂದು ಕೇಳಿದರು. ನಾನು ನೋಟ್‌ಬುಕ್ ಮುಂದಿಟ್ಟೆ. ಅವರು ಎರಡು ಪುಟವನ್ನೂ ಪೂರ್ತಿ ಓದಿ, "ಮನುಷ್ಯರೇ ನನಗೆ ಇಷ್ಟು ಸರಿಯಾಗಿ ಹೇಳುವುದಿಲ್ಲ" ಎಂದು ನಕ್ಕರು.

ದುಂಡು ಹುಳಗಳಿಗೆ ಅವಳ ತೂಕಕ್ಕೆ ತಕ್ಕ ಔಷಧಿ ಕೊಟ್ಟು, ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕೆಂದರು. ಈ ಹುಳದ ಮೊಟ್ಟೆ ಬೆಕ್ಕಿನ ಮಲದ ಮೂಲಕ ಮಣ್ಣು ಸೇರಿ, ಅಲ್ಲಿಂದ ಮಕ್ಕಳ ಬಾಯಿಗೂ ಹೋಗಬಹುದು. ಆದರೆ ಹೊರಬಿದ್ದ ಕೂಡಲೇ ಅದು ಸೋಂಕು ಹರಡುವುದಿಲ್ಲ, ಅದಕ್ಕೆ ಕೆಲವು ವಾರ ಬೇಕು. ದಿನವೂ ತೆಗೆದು ಸ್ವಚ್ಛ ಮಾಡಿ, ಸೋಪು ಹಾಕಿ ಕೈ ತೊಳೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಉಮ್ಮನಿಗೆ ಬೇಕಾಗಿದ್ದ ಉತ್ತರ ಇದೇ ಆಗಿತ್ತು.

ಅಡುಗೆಮನೆಯಲ್ಲಿ ಆದ ಬದಲಾವಣೆ ಹೆಚ್ಚು ಕಷ್ಟದ್ದು. ನಮ್ಮ ಮನೆಗಳಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾರು ಯಾವುದಿದೆ? ಇವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈಗ ಉಮ್ಮ ಮಸಾಲೆ ಹಾಕುವ ಮೊದಲೇ ಎರಡು ಬೂತಾಯಿ ಬೇರೆ ಬೇಯಿಸಿ, ಮುಳ್ಳು ತೆಗೆದು ಇಡುತ್ತಾರೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ನಾಶ ಮಾಡುವ ಕಿಣ್ವವಿರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಹಾಗೆಂದು ಅನ್ನದಲ್ಲೇ ಬೆಕ್ಕನ್ನು ಸಾಕಲೂ ಆಗದು. ಮಾಂಸದಲ್ಲಿರುವ ಟಾರಿನ್ ಎಂಬ ಪದಾರ್ಥವನ್ನು ಬೆಕ್ಕು ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಹೃದಯವೇ ದುರ್ಬಲವಾಗುತ್ತದೆ ಎಂದು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು.

ಊಟವನ್ನು ದಿನಕ್ಕೆ ನಾಲ್ಕು ಸಣ್ಣ ಪಾಲು ಮಾಡಿದೆ. ಬಟ್ಟಲಿನ ಬದಲು ಅಗಲವಾದ ತಟ್ಟೆ, ಕೋಳಿಗಳಿಗೆ ಸಿಗದ ಕಿಟಕಿಯ ಕಟ್ಟೆ. ರಾತ್ರಿ ಮಲಗುವ ಮೊದಲು ಒಂದು ಪಾಲು, ಹಳದಿ ನೊರೆ ಬರದಂತೆ. ವಾರಕ್ಕೆ ಮೂರು ಸಲ ಹಳೆಯ ಬಾಚಣಿಗೆಯಿಂದ ಮೈ ಬಾಚುವುದು. ಹೊಸ ಆಹಾರವನ್ನು ಒಮ್ಮೆಲೇ ಬದಲಿಸದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆ. ಎರಡು ತಿಂಗಳಲ್ಲಿ ಅವಳ ತೂಕ 3.1 ಕೆ.ಜಿ. ಆಯಿತು. ಈಗ ವಾಂತಿ ತಿಂಗಳಿಗೊಮ್ಮೆ ಆದರೆ ಹೆಚ್ಚು, ಅದೂ ಕೂದಲಿನದು.

ಎಲ್ಲ ವಾಂತಿಯೂ ಹೀಗೆ ಬರೆದು ಕಾಯುವಂಥದ್ದಲ್ಲ. ದಿನದಲ್ಲಿ ಹಲವು ಸಲ ವಾಂತಿ, ರಕ್ತ, ನೀರೂ ಕುಡಿಯದಿರುವುದು, ಮೂಲೆಯಲ್ಲಿ ಮುದುಡಿ ಕೂರುವುದು, ಇವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮರಿಗಳಲ್ಲಂತೂ ಬೆಕ್ಕಿನ ಪಾರ್ವೊ ವೈರಸ್ ಬಹಳ ಬೇಗ ಕೊಲ್ಲುತ್ತದೆ, ಅದಕ್ಕೆ ಲಸಿಕೆ ಇದೆ. ಹೊಟ್ಟೆ ಸರಿಯಿಲ್ಲವೆಂದು ಬೆಕ್ಕನ್ನು ದಿನಗಟ್ಟಲೆ ಉಪವಾಸ ಇಡಬಾರದು, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಕಾಯಿಲೆಯಾಗುತ್ತದೆ. ಮಲ್ಲಿಗೆ ಮಾಲೆಯ ನೂಲು ನುಂಗಿ ತುದಿ ಹೊರಗೆ ನೇತಾಡುತ್ತಿದ್ದರೆ ಎಳೆಯಬಾರದು, ಕರುಳು ಕೊಯ್ಯುತ್ತದೆ.

ಪ್ರವಾದಿ(ಸ)ಯವರ ಸಹಾಬಿ ಅಬೂ ಖತಾದ(ರ) ವುಝೂ ಮಾಡಲು ಇಟ್ಟ ನೀರನ್ನು ಬೆಕ್ಕು ಕುಡಿಯಲು ಬಂದಾಗ, ಅದಕ್ಕೆ ಎಟುಕುವಂತೆ ಪಾತ್ರೆಯನ್ನೇ ಬಾಗಿಸಿದರು. ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುತ್ತಾಡುವ ಜೀವಿ ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಆಗ ಅವರು ಹೇಳಿದರು. ಈ ಹದೀಸ್ ಮೊದಲೇ ಗೊತ್ತಿತ್ತು. ಈಗ ಅದರಲ್ಲಿ ನನಗೆ ಕಾಣುವುದು ಪಾತ್ರೆ ಬಾಗಿಸಿದ ಆ ಕೈ. ಬೆಕ್ಕಿಗೆ ಎಷ್ಟು ಎಟುಕುತ್ತದೆ ಎಂದು ನೋಡಿ ಬಾಗಿಸಿದ ಕೈ ಅದು.

ನಮ್ಮ ಹಾಸ್ಟೆಲ್ ಮೆಸ್‌ನ ಹಿಂದೆ ಈಗ ಮೂರು ಬೆಕ್ಕುಗಳಿವೆ. ಶುಕ್ರವಾರದ ಬಿರಿಯಾನಿ ಉಳಿದರೆ ದಯವಿಟ್ಟು ಮಸಾಲೆಯೊಂದಿಗೆ ಹಾಕಬೇಡಿ. ಬೇಯಿಸಿದ ಕೋಳಿಯ ಎಲುಬೂ ಬೇಡ, ಅದು ಚೂಪಾಗಿ ಸೀಳುತ್ತದೆ. ಒಂದು ಬಟ್ಟಲು ಶುದ್ಧ ನೀರು ಇಡಿ. ಅವುಗಳಲ್ಲಿ ಕಪ್ಪು ಬೆಕ್ಕು ಸೋಮವಾರದಿಂದ ಸರಿಯಾಗಿ ತಿನ್ನುತ್ತಿಲ್ಲ. ಯಾರಾದರೂ ಗಮನಿಸಿದ್ದರೆ ನನಗೆ ತಿಳಿಸಿ, ನನ್ನ ನೋಟ್‌ಬುಕ್‌ನಲ್ಲಿ ಇನ್ನೂ ಹಾಳೆಗಳಿವೆ.

- ದ್ವಿತೀಯ ಪಿಯು, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ